ನೌಕರರು ಮತ್ತು ಮಾಲೀಕರ ನಡುವಿನ ನಂಬಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಂಬಾ ವರ್ಷ ಬೇರೆಯವರ ಕೈಕೆಳಗೆ ಕೆಲಸ ಮಾಡಿದೆ. ಆಮೇಲೆ ಬೇರೆಯವರಿಂದ ಕೆಲಸ ಮಾಡಿಸುವ ಕುರ್ಚಿಯಲ್ಲಿ ಕೂತೆ. ಎರಡೂ ಕಡೆಯವರು ಒಂದೇ ಪ್ರಶ್ನೆ ಕೇಳುತ್ತಾರೆ: "ಅವರನ್ನ ನಂಬೋದು ಹೇಗೆ?" ಇಷ್ಟು ವರ್ಷಗಳಲ್ಲಿ ನನ್ನ ಹತ್ತಿರ ಬಂದ ಪ್ರಶ್ನೆಗಳು ಮತ್ತು ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಮಾಲೀಕರು, ಮ್ಯಾನೇಜರ್‌ಗಳು, ಕೆಲಸಕ್ಕೆ ಹೊಸದಾಗಿ ಸೇರಿದವರು, ಯಾರು ಬೇಕಾದರೂ ತಮಗೆ ಬೇಕಾದ ಪ್ರಶ್ನೆಯಿಂದ ಓದಲು ಶುರು ಮಾಡಬಹುದು.

ಕೆಲಸದ ಜಾಗದಲ್ಲಿ ನಂಬಿಕೆ ಅಂದರೆ ಏನು?

ಸಂಬಳದ ಲೆಕ್ಕದಿಂದಲೇ ನೋಡಿ. ನೌಕರರು ಇಡೀ ತಿಂಗಳು ಮೊದಲು ದುಡಿಯುತ್ತಾರೆ, ದುಡ್ಡು ಆಮೇಲೆ ಬರುತ್ತದೆ. ಅಂದರೆ ಪ್ರತಿ ತಿಂಗಳೂ ಅವರು ಮಾಲೀಕರಿಗೆ ತಮ್ಮ ದುಡಿಮೆಯನ್ನು ಸಾಲ ಕೊಟ್ಟ ಹಾಗೆ. ಆ ಕಡೆ ಮಾಲೀಕರು ಯಂತ್ರ, ಗಿರಾಕಿ, ಬೀಗದ ಕೈ ಎಲ್ಲವನ್ನೂ ನೌಕರರ ಕೈಗೆ ಬಿಟ್ಟು ಮನೆಗೆ ಹೋಗುತ್ತಾರೆ. ಹೀಗೆ ಒಬ್ಬರ ಒಳಿತು ಕೆಡುಕು ಇನ್ನೊಬ್ಬರ ಕೈಯಲ್ಲಿದ್ದೂ ಇಬ್ಬರೂ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಲ್ಲರು ಅಂದರೆ ಅದೇ ನಂಬಿಕೆ.

ಮೇಯರ್, ಡೇವಿಸ್, ಸ್ಕೂರ್ಮನ್ ಎಂಬ ಮೂವರು ಸಂಶೋಧಕರು 1995ರಲ್ಲಿ ಇದನ್ನು ಮೂರು ಎಳೆಗಳಾಗಿ ಬಿಡಿಸಿದರು. ಈ ಮನುಷ್ಯನಿಗೆ ಕೆಲಸ ಗೊತ್ತಿದೆಯಾ? ನನ್ನ ಒಳ್ಳೆಯದನ್ನು ಬಯಸುತ್ತಾನಾ? ನುಡಿದಂತೆ ನಡೆಯುತ್ತಾನಾ? ಈ ಮೂರನ್ನೂ ಬೇರೆ ಬೇರೆ ಇಟ್ಟು ನೋಡುವುದು ತುಂಬಾ ಉಪಯೋಗಕ್ಕೆ ಬರುತ್ತದೆ. ನಾನು ಕಂಡ ಒಬ್ಬ ಮ್ಯಾನೇಜರ್ ಬಹಳ ಒಳ್ಳೆಯವರು. ಯಾರಿಗೆ ಕಷ್ಟ ಬಂದರೂ ಓಡಿ ಬರುತ್ತಿದ್ದರು. ಆದರೆ ಓವರ್‌ಟೈಮ್ ಲೆಕ್ಕ ಒಂದು ತಿಂಗಳೂ ಸರಿ ಇರುತ್ತಿರಲಿಲ್ಲ. ಅವರ ಮೇಲೆ ಎಲ್ಲರಿಗೂ ಪ್ರೀತಿ ಇತ್ತು. ಹಾಗಿದ್ದೂ ಪೇ ಸ್ಲಿಪ್ ಬಂದ ದಿನ ಎಲ್ಲರೂ ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಿದ್ದರು. ಒಳ್ಳೆಯತನ ಸಾಕಷ್ಟಿತ್ತು, ಕೆಲಸದ ಹಿಡಿತ ಇರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಭಾಷಣ ಅಲ್ಲ, ಲೆಕ್ಕ ಗೊತ್ತಿರುವ ಒಬ್ಬ ಗುಮಾಸ್ತ.

ನಿಮ್ಮಲ್ಲಿ ನಂಬಿಕೆ ಕಡಿಮೆ ಆಗಿದೆ ಅನ್ನಿಸಿದರೆ ಮೊದಲು ಈ ಮೂರರಲ್ಲಿ ಯಾವ ಎಳೆ ಸಡಿಲವಾಗಿದೆ ಅಂತ ನೋಡಿ.

ಮೊದಲು ಯಾರು ನಂಬಬೇಕು? ಅವರಾ, ನಾವಾ?

ಮಾಲೀಕರು. ಇದರಲ್ಲಿ ನನಗೆ ಎರಡನೇ ಮಾತೇ ಇಲ್ಲ.

ಎರಡು ಕೈ ಸೇರಿದರೆ ಚಪ್ಪಾಳೆ ಅನ್ನುತ್ತಾರೆ, ನಿಜ. ಆದರೆ ಇಲ್ಲಿ ಎರಡು ಕೈಗಳ ಬಲ ಒಂದೇ ಅಲ್ಲ. ಮಾಲೀಕರ ನಂಬಿಕೆ ಸುಳ್ಳಾದರೆ ಅವರಿಗೆ ಒಂದಿಷ್ಟು ನಷ್ಟ, ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವ ಕಷ್ಟ. ನೌಕರರ ನಂಬಿಕೆ ಸುಳ್ಳಾದರೆ ಮನೆ ಬಾಡಿಗೆ, ಮಕ್ಕಳ ಫೀಸು, ಸಾಲದ ಕಂತು ಎಲ್ಲಾ ಒಟ್ಟಿಗೆ ಅಲ್ಲಾಡುತ್ತವೆ. ಕಳೆದುಕೊಳ್ಳುವುದು ಯಾರಿಗೆ ಜಾಸ್ತಿಯೋ ಅವರನ್ನೇ "ನೀನು ಮೊದಲು ನಂಬು" ಅನ್ನುವುದು ನ್ಯಾಯ ಅಲ್ಲ. ಅಧಿಕಾರ ಇರುವವರು ಮೊದಲ ಹೆಜ್ಜೆ ಇಡಬೇಕು.

ಒಳ್ಳೆಯ ಸಂಬಳ ಕೊಟ್ಟರೆ ನಂಬಿಕೆ ತಾನಾಗೇ ಬರಲ್ವಾ?

ಸಂಬಳ ಬಾಗಿಲು ತೆಗೆಯುತ್ತದೆ, ಅಷ್ಟೇ. ಅಮೆರಿಕದ ಹೆನ್ರಿ ಫೋರ್ಡ್ ಅವರ ಕಾರು ಕಾರ್ಖಾನೆಯಲ್ಲಿ 1913ರಲ್ಲಿ ಜನ ನಿಲ್ಲುತ್ತಲೇ ಇರಲಿಲ್ಲ. ವರ್ಷದ ಬಿಟ್ಟುಹೋಗುವ ಪ್ರಮಾಣ ಶೇ. 370 ಮುಟ್ಟಿತ್ತು. ಅಂದರೆ ಒಂದೇ ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಸಲ ಹೊಸಬರನ್ನು ತರಬೇಕು. 1914ರ ಜನವರಿಯಲ್ಲಿ ಅವರು ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿದರು. ಆಗಿನ ಕೂಲಿಗೆ ಹೋಲಿಸಿದರೆ ಅದು ಹೆಚ್ಚುಕಡಿಮೆ ಎರಡರಷ್ಟು. ಕೆಲಸದ ಹೊತ್ತನ್ನೂ 9 ಗಂಟೆಯಿಂದ 8ಕ್ಕೆ ಇಳಿಸಿದರು. ಜನ ನಿಂತರು.

ಆದರೆ ಆ ಹಣದ ಸುಮಾರು ಅರ್ಧ ಪಾಲು ಲಾಭಾಂಶದ ಹೆಸರಲ್ಲಿತ್ತು. ಅದು ಸಿಗಬೇಕಾದರೆ ಕಾರ್ಮಿಕ "ಸರಿಯಾಗಿ" ಬದುಕುತ್ತಿದ್ದಾನೆ ಅಂತ ಕಂಪನಿಗೆ ಅನ್ನಿಸಬೇಕಿತ್ತು. ಅದಕ್ಕಾಗಿಯೇ ಒಂದು ವಿಭಾಗ ಮಾಡಿ, ತನಿಖೆಯವರನ್ನು ಕಾರ್ಮಿಕರ ಮನೆಗೇ ಕಳಿಸಿದರು. ಮನೆ ಚೊಕ್ಕಟ ಇದೆಯಾ, ಕುಡಿಯುತ್ತಾನಾ, ದುಡ್ಡು ಉಳಿಸುತ್ತಾನಾ ಅಂತ ವಿಚಾರಿಸಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಮನೆ ಬಾಗಿಲು ತಟ್ಟಿದರು. ನೂರು ವರ್ಷದ ಹಿಂದಿನ ಕಥೆ ಇದು, ಆದರೆ ಇವತ್ತಿಗೂ ನನಗೆ ಪಾಠ. ಸಂಬಳದಿಂದ ಜನ ಉಳಿಯಬಹುದು. ಉಳಿದವರೆಲ್ಲಾ ನಂಬಿದ್ದಾರೆ ಅಂತ ಅಂದುಕೊಳ್ಳಬೇಡಿ.

ಹಾಗಂತ ಕಡಿಮೆ ಸಂಬಳ ಕೊಟ್ಟು ನಂಬಿಕೆಯ ಮಾತಾಡುವುದು ಇನ್ನೂ ಕೆಟ್ಟದ್ದು. ಮೊದಲು ನ್ಯಾಯವಾದ ಸಂಬಳ, ಸರಿಯಾದ ತಾರೀಕಿಗೆ. ಉಳಿದದ್ದೆಲ್ಲಾ ಅದರ ಮೇಲೆ.

ಕೆಟ್ಟ ಸುದ್ದಿ ಹೇಳಬೇಕಾಗಿದೆ. ಹೇಳಿದರೆ ಜನ ಹೆದರುತ್ತಾರೆ, ಮುಚ್ಚಿಟ್ಟರೆ ಆಮೇಲೆ ಗೊತ್ತಾಗುತ್ತದೆ. ಏನು ಮಾಡುವುದು?

ಹೇಳಿ. ಬೇಗ ಹೇಳಿ, ನೀವೇ ಹೇಳಿ, ಪೂರ್ತಿ ಹೇಳಿ.

ಜೆರಾಲ್ಡ್ ಗ್ರೀನ್‌ಬರ್ಗ್ ಅನ್ನುವ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನಾನು ಎಲ್ಲಾ ಮಾಲೀಕರಿಗೂ ಹೇಳುತ್ತೇನೆ. ಒಂದೇ ಕಂಪನಿಯ ಮೂರು ಕಾರ್ಖಾನೆಗಳು. ದೊಡ್ಡ ಗುತ್ತಿಗೆಗಳು ಕೈತಪ್ಪಿದ್ದರಿಂದ ಎರಡು ಕಡೆ 10 ವಾರ ಶೇ. 15ರಷ್ಟು ಸಂಬಳ ಕಡಿತ ಆಯಿತು. ಒಂದು ಕಡೆ ಕಂಪನಿಯ ಮುಖ್ಯಸ್ಥರು ಸುಮಾರು ಒಂದೂವರೆ ಗಂಟೆ ನಿಂತು ಮಾತಾಡಿದರು. ಯಾಕೆ ಈ ಕಡಿತ, ಎಷ್ಟು ದಿನ, ಬೇರೆ ದಾರಿ ಯಾಕೆ ಇರಲಿಲ್ಲ ಅಂತ ಲೆಕ್ಕ ತೋರಿಸಿ ಬಿಡಿಸಿ ಹೇಳಿದರು. ತಮಗೂ ಬೇಸರ ಆಗಿದೆ ಅಂದರು, ಕೇಳಿದ ಪ್ರಶ್ನೆಗಳಿಗೆಲ್ಲಾ ಉತ್ತರ ಕೊಟ್ಟರು. ಇನ್ನೊಂದು ಕಡೆ ಕಾಲು ಗಂಟೆಯಲ್ಲಿ ವಿಷಯ ತಿಳಿಸಿ ಮುಗಿಸಿದರು. ಮೂರನೇ ಕಡೆ ಕಡಿತವೇ ಇರಲಿಲ್ಲ. ಆ ದಿನಗಳಲ್ಲಿ ಕಡಿತ ಆದ ಎರಡೂ ಕಡೆ ಸಾಮಾನು ಕಳವು ಏರಿತು. ಆದರೆ ಬಿಡಿಸಿ ಹೇಳಿದ ಕಡೆ ಅದು ತುಂಬಾ ಕಡಿಮೆ. ಕಾಲು ಗಂಟೆಯಲ್ಲಿ ಮುಗಿಸಿದ ಕಡೆ ಕಳವು ಜಾಸ್ತಿ, ಕೆಲಸ ಬಿಟ್ಟವರೂ ಜಾಸ್ತಿ. ಸಂಬಳ ಮೊದಲಿನಂತೆ ಆದ ಮೇಲೆ ಕಳವೂ ಇಳಿಯಿತು.

ಯೋಚಿಸಿ ನೋಡಿ, ಎರಡೂ ಕಡೆ ಕಡಿತ ಒಂದೇ. ಬೇರೆ ಇದ್ದದ್ದು ಆ ಒಂದೂವರೆ ಗಂಟೆ ಮಾತ್ರ.

ನಾನೇ ಕಂಡದ್ದು ಒಂದು ಇದೆ. ನಾನು ಕೆಲಸ ಮಾಡುತ್ತಿದ್ದ ಒಂದು ಚಿಕ್ಕ ಜಾಗದಲ್ಲಿ ಮೂವತ್ತು ಜನ ಇದ್ದೆವು. ದೊಡ್ಡ ಗಿರಾಕಿಯೊಬ್ಬರು ಬಾಕಿ ಕೊಡದೆ ಕೈ ಎತ್ತಿದರು. ಮೂರನೇ ತಾರೀಕು ಮಧ್ಯಾಹ್ನ ಮಾಲೀಕರು ನಾವು ಕೆಲಸ ಮಾಡುವ ಕಡೆಗೇ ಬಂದರು. ಕೈಯಲ್ಲಿ ಒಂದು ಹಾಳೆ. ಕೂರಲಿಲ್ಲ. "ಈ ತಿಂಗಳ ಸಂಬಳ ಏಳಕ್ಕೆ ಕೊಡೋಕೆ ಆಗಲ್ಲ. ಹದಿನೆಂಟಕ್ಕೆ ಕೊಡ್ತೀನಿ. ಬಾಡಿಗೆ, ಕಂತು ಯಾರಿಗೆ ಇದೆಯೋ ಇವತ್ತೇ ಹೇಳಿ, ಅವರಿಗೆ ಮೊದಲು. ನನ್ನದು ಎಲ್ಲರದ್ದೂ ಆದಮೇಲೆ" ಅಂದರು. ಪ್ಯಾಕಿಂಗ್ ಕಡೆಯ ಹಿರಿಯರೊಬ್ಬರು ಕೇಳಿಯೇಬಿಟ್ಟರು: "ಹದಿನೆಂಟಕ್ಕೂ ಆಗದಿದ್ರೆ ಸಾರ್?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗಲ್ಲ ಅಂತಾದ್ರೆ ಹದಿನೇಳಕ್ಕೇ ಬಂದು ಇದೇ ಜಾಗದಲ್ಲಿ ನಿಂತು ಹೇಳ್ತೀನಿ."

ಹದಿನೇಳನೇ ತಾರೀಕು ಅವರು ಬಂದರು. ಎಲ್ಲರ ಎದೆಯೂ ಡವಡವ ಅನ್ನುತ್ತಿತ್ತು. "ನಾಳೆ ಆಗುತ್ತೆ" ಅಂತ ಎರಡೇ ಮಾತು ಹೇಳಿ ಹೋದರು. ಮಾರನೇ ದಿನ ಸಂಬಳ ಆಯಿತು. ಆ ವರ್ಷ ನಮ್ಮಲ್ಲಿ ಒಬ್ಬರೂ ಕೆಲಸ ಬಿಡಲಿಲ್ಲ. ಸಂಬಳ ತಡ ಮಾಡಿದವರ ಮೇಲೆ ನಂಬಿಕೆ ಹೆಚ್ಚಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗಾಳಿ ಸುದ್ದಿ ಹಬ್ಬುತ್ತಲೇ ಇರುತ್ತದೆ. ಹೇಗೆ ನಿಲ್ಲಿಸುವುದು?

ಮೇಲಿನವರು ಬಾಯಿ ಬಿಡದಿದ್ದಾಗಲೇ ಗಾಳಿ ಸುದ್ದಿ ಹುಟ್ಟುವುದು. ಪೂರ್ತಿ ತೀರ್ಮಾನ ಆಗಿಲ್ಲದಿದ್ದರೂ "ಇಷ್ಟು ಗೊತ್ತಿದೆ, ಇದು ಇನ್ನೂ ತೀರ್ಮಾನ ಆಗಿಲ್ಲ, ಶುಕ್ರವಾರ ಮತ್ತೆ ಹೇಳುತ್ತೇನೆ" ಅನ್ನಿ. ಶುಕ್ರವಾರ ಹೊಸದೇನೂ ಇಲ್ಲದಿದ್ದರೂ ಹೋಗಿ "ಇನ್ನೂ ಆಗಿಲ್ಲ" ಅಂತ ಹೇಳಿ ಬನ್ನಿ. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ನೇಮಕಾತಿ ಪತ್ರದಲ್ಲಿ ಇರುವುದನ್ನೆಲ್ಲಾ ಕೊಟ್ಟಿದ್ದೇವೆ. ಆದರೂ ಮೋಸ ಆಯಿತು ಅನ್ನುತ್ತಾರಲ್ಲ, ಯಾಕೆ?

ಪತ್ರದಲ್ಲಿ ಇಲ್ಲದ ಒಪ್ಪಂದವೂ ಒಂದಿರುತ್ತದೆ. ಕ್ರಿಸ್ ಆರ್ಗಿರಿಸ್ ಅನ್ನುವ ಸಂಶೋಧಕರು 1960ರಲ್ಲಿ ಇದರ ಬಗ್ಗೆ ಬರೆದರು. 1989ರಲ್ಲಿ ಡೆನಿಸ್ ರೂಸೋ ಅನ್ನುವ ಇನ್ನೊಬ್ಬ ಸಂಶೋಧಕರು ಇದನ್ನು ಇನ್ನಷ್ಟು ಬಿಡಿಸಿ ತೋರಿಸಿದರು. ಇಂಟರ್‌ವ್ಯೂನಲ್ಲಿ "ಇಲ್ಲಿ ಕಲಿಯೋಕೆ ತುಂಬಾ ಇದೆ" ಅಂದಿರುತ್ತೀರಿ. ಕೇಳಿದವರ ಮನಸ್ಸಲ್ಲಿ ಅದು ಮಾತು ಕೊಟ್ಟ ಹಾಗೆ ಕೂತಿರುತ್ತದೆ. "ಚೆನ್ನಾಗಿ ಮಾಡು, ನಾನು ನೋಡ್ಕೋತೀನಿ" ಅನ್ನುವುದು ನಿಮಗೆ ಬೆನ್ನು ತಟ್ಟುವ ಮಾತು. ಅವರಿಗೆ ಅದು ಬಡ್ತಿ.

ನನಗೂ ಹೀಗಾಗಿತ್ತು. ಒಂದು ಕಡೆ ಮೂರು ವರ್ಷ "ಮುಂದಿನ ಸಲ ನಿಂದೇ" ಅಂತ ಮೂಗಿಗೆ ತುಪ್ಪ ಸವರಿದರು. ಮೂರನೇ ವರ್ಷ ಹೊರಗಿನವರೊಬ್ಬರನ್ನು ತಂದು ಆ ಜಾಗದಲ್ಲಿ ಕೂರಿಸಿದರು. ಬಡ್ತಿ ಹೋದದ್ದಕ್ಕಿಂತ ನನಗೆ ನೋವಾಗಿದ್ದು ಒಂದು ಮಾತೂ ಹೇಳದೆ ಮಾಡಿದ್ದಕ್ಕೆ. ಅವತ್ತಿನಿಂದ ನಾನು ಕೆಲಸ ಬಿಡಲಿಲ್ಲ, ಆದರೆ ಮನಸ್ಸಿಟ್ಟು ಮಾಡುವುದನ್ನು ಬಿಟ್ಟೆ. ಆರು ತಿಂಗಳು ಹಾಗೇ ಇದ್ದೆ. ಅವರಿಗೆ ಗೊತ್ತೂ ಆಗಲಿಲ್ಲ.

ಅದಕ್ಕೇ ಈಗ ನಾನು ಜೇಬಲ್ಲಿ ಒಂದು ಸಣ್ಣ ಡೈರಿ ಇಟ್ಟುಕೊಳ್ಳುತ್ತೇನೆ. ಯಾರಿಗೆ ಏನೇ ಹೇಳಿದರೂ ಅವರ ಮುಂದೆಯೇ ಬರೆಯುತ್ತೇನೆ: "ಮೇ ರಜೆ, ಎರಡನೇ ವಾರ", "ಹೊಸ ಕುರ್ಚಿ", "ತರಬೇತಿಗೆ ಕಳಿಸುವುದು". ಬರೆಯಲು ಕೈ ಬರದ ಮಾತನ್ನು ಆಡುವುದೇ ಇಲ್ಲ.

ಕೊಟ್ಟ ಮಾತು ನಡೆಸಲು ನಿಜವಾಗಿಯೂ ಆಗದಿದ್ದರೆ?

ಅವಧಿ ಮುಗಿಯುವ ಮೊದಲೇ ಹೇಳಿ. ಮುಗಿದ ಮೇಲೆ ಹೇಳಿದರೆ ಅದು ನೆಪದಂತೆ ಕೇಳುತ್ತದೆ.

ತಪ್ಪಾದಾಗ ಯಾರೂ ಬಂದು ಹೇಳುವುದಿಲ್ಲ. ಎಲ್ಲಾ ಮುಚ್ಚಿಡುತ್ತಾರೆ. ಏನು ಮಾಡಲಿ?

ಹಿಂದೆ ಯಾರೋ ಬಂದು ಹೇಳಿದ್ದಾಗ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಉತ್ತರ ಅಲ್ಲೇ ಇರುತ್ತದೆ.

ನನ್ನದೇ ಹೇಳುತ್ತೇನೆ. ತಂಡ ನೋಡಿಕೊಳ್ಳಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಹಳೆಯ ದರಪಟ್ಟಿಯನ್ನು ಗಿರಾಕಿಗೆ ಕಳಿಸಿಬಿಟ್ಟಿದ್ದಳು, ತಾನಾಗೇ ಹೇಳಲು ಬಂದಿದ್ದಳು. ನಾನು ಎಲ್ಲರ ಮುಂದೆ ಜೋರಾಗಿ "ಕಳಿಸೋ ಮುಂಚೆ ನೋಡೋಕೆ ಏನಾಗಿತ್ತು?" ಅಂದೆ. ಅವಳು ತಲೆ ತಗ್ಗಿಸಿ ಹೋದಳು. ಅಕ್ಕಪಕ್ಕದ ಮೇಜಿನವರೆಲ್ಲಾ ಕಂಪ್ಯೂಟರ್ ಕಡೆ ಮುಖ ತಿರುಗಿಸಿದರು. ಆಮೇಲೆ ನಾಲ್ಕು ತಿಂಗಳು ನನ್ನ ಹತ್ತಿರ ಒಂದೂ ತಪ್ಪು ಬರಲಿಲ್ಲ. ತಪ್ಪುಗಳು ಆಗುತ್ತಲೇ ಇದ್ದವು. ಗಿರಾಕಿಗಳ ಫೋನಿನಿಂದ ನನಗೆ ಗೊತ್ತಾಗುತ್ತಿದ್ದವು, ಅಷ್ಟೇ.

ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕರು 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಹೊಂದಾಣಿಕೆ ಇರುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತವೆ ಅಂತ ಅವರ ಲೆಕ್ಕ. ಸಿಕ್ಕಿದ್ದು ಉಲ್ಟಾ. ಒಳ್ಳೆಯ ತಂಡಗಳಲ್ಲೇ ವರದಿಯಾದ ತಪ್ಪು ಜಾಸ್ತಿ! ಕಾರಣ ಹುಡುಕಿದಾಗ ತಿಳಿದದ್ದು, ಅಲ್ಲಿನವರು ಹೆದರದೆ ಹೇಳುತ್ತಿದ್ದರು, ಬೇರೆ ಕಡೆಯವರು ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಇದನ್ನೇ ಮುಂದುವರಿಸಿ, ತಂಡದಲ್ಲಿ ಹೆದರಿಕೆಯಿಲ್ಲದೆ ಬಾಯಿ ಬಿಡುವ ಧೈರ್ಯ ಇದ್ದರೆ ಕಲಿಕೆಯೂ ಹೆಚ್ಚು ಅಂತ ತೋರಿಸಿದರು.

ಅಮೆರಿಕದ ವಿಮಾನಯಾನದಲ್ಲಿ 1976ರಿಂದ ಒಂದು ವ್ಯವಸ್ಥೆ ಇದೆ. ಪೈಲಟ್‌ಗಳು, ನಿಯಂತ್ರಣ ಕೊಠಡಿಯವರು ತಮ್ಮ ತಪ್ಪನ್ನು ತಾವೇ ಬರೆದು ಕಳಿಸಬಹುದು. ಆ ವರದಿ ಹೋಗುವುದು ಶಿಕ್ಷೆ ಕೊಡುವ ಇಲಾಖೆಗಲ್ಲ, ನಾಸಾಗೆ. ಹೆಸರು ತೆಗೆದುಹಾಕಿಯೇ ಬಳಸುತ್ತಾರೆ. ಬೇಕಂತಲೇ ಮಾಡಿದ ಅಪರಾಧಕ್ಕೆ ಈ ರಕ್ಷಣೆ ಇಲ್ಲ. ಇದುವರೆಗೆ ಬಂದ ವರದಿಗಳು ಹತ್ತು ಲಕ್ಷಕ್ಕೂ ಮೀರಿವೆ. ಶಿಕ್ಷೆ ಕೊಡುವವರೂ ಕೇಳಿಸಿಕೊಳ್ಳುವವರೂ ಬೇರೆ ಬೇರೆ ಇದ್ದರೆ ಜನ ಬಾಯಿ ಬಿಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಾನು ಮಾಡಿದ್ದು ಇಷ್ಟು. ಮೊದಲು ಆ ಹುಡುಗಿಗೆ ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ, ಬೈದದ್ದು ಎಲ್ಲರ ಮುಂದೆ ಆಗಿತ್ತಲ್ಲ. ಆಮೇಲೆ ಪ್ರತಿ ಸೋಮವಾರದ ಮೀಟಿಂಗ್‌ನಲ್ಲಿ ಆ ವಾರ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳತೊಡಗಿದೆ. ಯಾರಾದರೂ ತಪ್ಪು ಹೇಳಲು ಬಂದರೆ ನನ್ನ ಬಾಯಿಂದ ಬರುವ ಮೊದಲ ಮಾತು "ಹೇಳಿದ್ದು ಒಳ್ಳೇದಾಯ್ತು" ಅಂತಲೇ ಇರಬೇಕು ಅಂತ ನಿಯಮ ಹಾಕಿಕೊಂಡೆ. ಎರಡನೇ ಮಾತು "ಈಗ ಏನು ಮಾಡೋಣ?" ಯಾಕೆ ಆಯಿತು ಅನ್ನುವುದು ಮಾರನೇ ದಿನದ ಮಾತು. ಮೊದಲ ತಪ್ಪು ಮತ್ತೆ ನನ್ನ ಮೇಜಿಗೆ ಬರಲು ಏಳು ವಾರ ಹಿಡಿಯಿತು.

ಒಬ್ಬರು ತಪ್ಪು ಮಾಡಿದ್ದಕ್ಕೆ ಎಲ್ಲರಿಗೂ ಹೊಸ ನಿಯಮ ತಂದರೆ ತಪ್ಪೇನು?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಬ್ಬರು ತಡವಾಗಿ ಬಂದರೆ ಅವರೊಬ್ಬರ ಜೊತೆ ಮಾತಾಡಿ. ಮೂವತ್ತು ಜನಕ್ಕೆ ಸುತ್ತೋಲೆ ಕಳಿಸಿದರೆ ಇಪ್ಪತ್ತೊಂಬತ್ತು ಜನಕ್ಕೆ ಅವಮಾನ, ಆ ಒಬ್ಬರಿಗೆ ಮರೆ.

ಕ್ಯಾಮೆರಾ, ಕಂಪ್ಯೂಟರ್ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಇವೆಲ್ಲಾ ಹಾಕಬಹುದಾ?

ಸುರಕ್ಷತೆಗೆ, ಕಳ್ಳತನ ತಡೆಯಲು ಕ್ಯಾಮೆರಾ ಬೇಕಾಗುತ್ತದೆ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಎಲ್ಲೆಲ್ಲಿ ಇದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಮೊದಲೇ ಹೇಳಿ ಹಾಕಿ. ಕದ್ದು ಹಾಕಬೇಡಿ.

ಮೌಸ್ ಎಷ್ಟು ಸಲ ಅಲ್ಲಾಡಿತು ಅಂತ ಎಣಿಸುವುದು ಬೇರೆ ಮಾತು. ಅರ್ಮಿನ್ ಫಾಕ್ ಮತ್ತು ಮೈಕೆಲ್ ಕೋಸ್‌ಫೆಲ್ಡ್ ಅನ್ನುವ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬರು ಯಜಮಾನರ ಪಾತ್ರ, ಇನ್ನೊಬ್ಬರು ಕೆಲಸಗಾರರ ಪಾತ್ರ. ತಮ್ಮ ಪಾಲಿನಿಂದ ಯಜಮಾನರಿಗೆ ಎಷ್ಟು ಕೊಡುವುದು ಅಂತ ಕೆಲಸಗಾರರು ತೀರ್ಮಾನ ಮಾಡಬೇಕು. ಯಜಮಾನರು ಬೇಕಾದರೆ "ಕನಿಷ್ಠ ಇಷ್ಟಾದರೂ ಕೊಡಲೇಬೇಕು" ಅಂತ ಷರತ್ತು ಹಾಕಬಹುದು, ಇಲ್ಲವೇ ಸುಮ್ನೆ ಬಿಡಬಹುದು. ಷರತ್ತು ಹಾಕಿದಾಗ ಹೆಚ್ಚಿನವರು ಕೊಟ್ಟದ್ದು ಕಡಿಮೆ. ಅಪನಂಬಿಕೆ ತೋರಿಸಿದರೆ ಅದಕ್ಕೆ ತಕ್ಕ ಹಾಗೇ ನಡೆದುಕೊಂಡರು. ನೀವು ಮೌಸ್ ಎಣಿಸಿದರೆ ನಿಮಗೆ ಮೌಸ್ ಅಲ್ಲಾಡುವುದೇ ಸಿಗುತ್ತದೆ, ಕೆಲಸ ಸಿಗುವುದಿಲ್ಲ.

ಮನೆಯಿಂದ ಕೆಲಸ ಕೊಟ್ಟರೆ ಕೆಲಸ ಮಾಡುತ್ತಾರಾ?

ನಿಕೋಲಸ್ ಬ್ಲೂಮ್ ಅನ್ನುವ ಅರ್ಥಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಒಂಬತ್ತು ತಿಂಗಳು ಇದನ್ನು ಪರೀಕ್ಷೆ ಮಾಡಿದರು. ಮನೆಯಿಂದ ಕೆಲಸ ಮಾಡಲು ತಾವಾಗೇ ಮುಂದೆ ಬಂದವರಲ್ಲಿ ಒಂದಿಷ್ಟು ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಮನೆಗೆ ಕಳಿಸಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು: ಕೆಲಸ ಶೇ. 13ರಷ್ಟು ಏರಿತ್ತು, ಬಿಟ್ಟುಹೋಗುವವರು ಅರ್ಧಕ್ಕೆ ಇಳಿದಿದ್ದರು. ಹಾಗಿದ್ದೂ ಪ್ರಯೋಗ ಮುಗಿದ ಮೇಲೆ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಒಂಟಿತನ ಅಂತ ಆಫೀಸಿಗೇ ವಾಪಸ್ ಬಂದರು. ಹಾಗಾಗಿ ಎಲ್ಲರಿಗೂ ಒಂದೇ ಅಳತೆ ಬೇಡ. ಯಾವ ಕೆಲಸ, ಯಾವಾಗ ಮುಗಿಯಬೇಕು ಅನ್ನುವುದು ಸ್ಪಷ್ಟ ಇರಲಿ. ಎಲ್ಲಿ ಕೂತು ಮಾಡುವುದು ಅನ್ನುವುದನ್ನು ಆದಷ್ಟು ಅವರಿಗೇ ಬಿಡಿ.

"ನಾವೆಲ್ಲಾ ಒಂದೇ ಕುಟುಂಬ" ಅಂತ ಹೇಳಬಹುದಾ?

ಬೇಡ. ಮನೆಯವರನ್ನು ಯಾರೂ ನೋಟಿಸ್ ಕೊಟ್ಟು ಕಳಿಸುವುದಿಲ್ಲ. ಒಂದು ದಿನ ನೀವು ಕಳಿಸಬೇಕಾಗುತ್ತದೆ, ಅವತ್ತು ಈ ಮಾತು ಚುಚ್ಚುತ್ತದೆ. ಪ್ರೀತಿ ಇದ್ದರೆ ರಜೆ ಕೇಳಿದಾಗ ತೋರಿಸಿ.

ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಒಂದು ನ್ಯಾಯ ಅಂತ ದೂರು ಬರುತ್ತದೆ. ಎಲ್ಲರಿಗೂ ಒಂದೇ ತರ ಮಾಡಲು ಆಗುತ್ತದಾ?

ಒಂದೇ ತರ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಚಿಕ್ಕ ಮಗು ಇರುವವರಿಗೆ ಬೇಗ ಹೋಗಲು ಬಿಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಕಾರಣ ಗೊತ್ತಿದ್ದರೆ. ಕಾರಣ ಗೊತ್ತಿಲ್ಲದಿದ್ದರೆ ಅದೇ ಮುಖ ನೋಡಿ ಮಣೆ ಹಾಕಿದಂತೆ ಕಾಣುತ್ತದೆ. ಬಡ್ತಿಗೆ ಏನೇನು ನೋಡುತ್ತೀರಿ, ಸಂಬಳ ಏರಿಕೆ ಹೇಗೆ ತೀರ್ಮಾನ ಆಗುತ್ತದೆ, ಇದನ್ನು ಬರೆದು ಹಾಕಿ. ಸಿಗದವರನ್ನು ಕರೆದು ಯಾಕೆ ಸಿಗಲಿಲ್ಲ, ಮುಂದೆ ಸಿಗಬೇಕಾದರೆ ಏನಾಗಬೇಕು ಅಂತ ಹೇಳಿ. ಆ ಮಾತು ಕಷ್ಟದ್ದು, ಗೊತ್ತು. ಆದರೆ ಅದನ್ನು ತಪ್ಪಿಸಿಕೊಂಡರೆ ಅವರೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ.

ನಮ್ಮವರು ಯೂನಿಯನ್ ಕಟ್ಟುತ್ತಿದ್ದಾರೆ. ಅಂದರೆ ನನ್ನ ಮೇಲೆ ನಂಬಿಕೆ ಹೋಯಿತು ಅಂತಲಾ?

ಹಾಗೆ ತಿಳಿಯಬೇಡಿ. ಒಬ್ಬೊಬ್ಬರೇ ಬಂದು ಮಾತಾಡಲು ಹೆದರುವವರು ಒಟ್ಟಿಗೆ ಬಂದು ಮಾತಾಡುತ್ತಾರೆ, ಅಷ್ಟೇ. ಸಂಘ ಕಟ್ಟುವುದು ಅವರ ಹಕ್ಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೇ ಒಡಂಬಡಿಕೆ ಸಂಘ ಕಟ್ಟುವ ಸ್ವಾತಂತ್ರ್ಯವನ್ನೂ 1949ರ 98ನೇ ಒಡಂಬಡಿಕೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕನ್ನೂ ಎತ್ತಿಹಿಡಿಯುತ್ತವೆ. ಸಂಘ ಸೇರಿದವರ ಮೇಲೆ ಕಣ್ಣು ಕೆಂಪು ಮಾಡಿದರೆ ಮಾತ್ರ ನಿಜವಾಗಿಯೂ ನಂಬಿಕೆ ಹೋಗುತ್ತದೆ. ಅವರ ಮುಖಂಡರಿಗೆ ಲೆಕ್ಕಪತ್ರ ತೋರಿಸಿ ಮಾತಾಡಿ ನೋಡಿ.

ವರ್ಷಗಟ್ಟಲೆ ಜಗಳ ಆಡಿದ ಜಾಗ. ಇಲ್ಲಿ ನಂಬಿಕೆ ಮತ್ತೆ ಬರುತ್ತದಾ?

ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರು ಕಾರ್ಖಾನೆ ಇತ್ತು. ಗೈರುಹಾಜರಿ ಶೇ. 20ರ ಹತ್ತಿರ, ದಿನಾ ಜಗಳ, ಮುಷ್ಕರ. 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆದರು. ಪೂರ್ತಿ ಹೊಸ ಜನರನ್ನು ತರಲಿಲ್ಲ. ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು, ಅದೇ ಯೂನಿಯನ್. ಅವರಲ್ಲಿ ಹಲವರನ್ನು ಜಪಾನಿಗೆ ಕಳಿಸಿ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಕಲಿಸಿದರು.

ಹಳೆಯ ಕಾಲದಲ್ಲಿ ಕಾರು ಜೋಡಿಸುವ ಲೈನ್ ನಿಲ್ಲಿಸುವುದು ಅಂದರೆ ಮಹಾಪರಾಧ. ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರ ತಲೆಯ ಮೇಲೂ ಒಂದು ಹಗ್ಗ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಎಳೆಯಬಹುದು. ಎಳೆದ ತಕ್ಷಣ ತಂಡದ ಮುಖ್ಯಸ್ಥರು ಬೈಯಲು ಅಲ್ಲ, ಸಹಾಯ ಮಾಡಲು ಓಡಿ ಬರುತ್ತಾರೆ. ಕಾರು ಮುಂದಿನ ಜಾಗಕ್ಕೆ ಹೋಗುವ ಮೊದಲು ಸರಿಯಾಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ನಿನ್ನೆಯವರೆಗೆ "ನಿನಗೇನು ಗೊತ್ತು" ಅನ್ನಿಸಿಕೊಂಡ ಮನುಷ್ಯನ ಕೈಗೆ ಇಡೀ ಕಾರ್ಖಾನೆಯ ಬ್ರೇಕ್ ಕೊಟ್ಟರು! ಗೈರುಹಾಜರಿ ಶೇ. 2-3ಕ್ಕೆ ಇಳಿಯಿತು.

ಇನ್ನೊಂದು ವಿಷಯ ನನಗೆ ಹಗ್ಗಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೇರೆ ದಾರಿಯೇ ಇಲ್ಲ ಅನ್ನುವವರೆಗೆ ಕೆಲಸದಿಂದ ತೆಗೆಯುವುದಿಲ್ಲ ಅಂತ ಅವರು ಮಾತು ಕೊಟ್ಟಿದ್ದರು. 1980ರ ದಶಕದ ಕೊನೆಗೆ ಕಾರುಗಳ ಮಾರಾಟ ಬಿತ್ತು. ಕೆಲಸ ಇರಲಿಲ್ಲ. ಎಲ್ಲರೂ ಕಾದು ನೋಡಿದರು. ಕಂಪನಿ ಯಾರನ್ನೂ ತೆಗೆಯಲಿಲ್ಲ, ಆ ಹೊತ್ತನ್ನು ತರಬೇತಿಗೆ ಬಳಸಿತು. ಆ ಕಾರ್ಖಾನೆ 2010ರಲ್ಲಿ ಕೊನೆಗೆ ಮುಚ್ಚಿತು, ಅದು ನಿಜ. ಆದರೆ ಅದೇ ಜನ, ಅದೇ ಗೋಡೆಗಳ ನಡುವೆ ಕಾಲು ಶತಮಾನ ಒಟ್ಟಿಗೆ ದುಡಿದರು.

ನಾನು ನೌಕರ. ನನ್ನ ಕಡೆಯಿಂದ ಏನು ಮಾಡಬೇಕು?

ಆಗದ ಕೆಲಸಕ್ಕೆ "ಆಗುತ್ತೆ ಸಾರ್" ಅನ್ನಬೇಡಿ. ಇದು ನಮ್ಮಲ್ಲಿ ತುಂಬಾ ಜನರ ಅಭ್ಯಾಸ. ಮೇಲಿನವರ ಮನಸ್ಸು ನೋಯಿಸಬಾರದು ಅಂತ ಒಪ್ಪಿಕೊಂಡು, ಕೊನೇ ದಿನ ತಲೆ ತಪ್ಪಿಸಿಕೊಳ್ಳುವುದು. "ಶುಕ್ರವಾರಕ್ಕೆ ಅರ್ಧ ಆಗುತ್ತೆ, ಪೂರ್ತಿ ಮಂಗಳವಾರ" ಅಂದರೆ ಕೇಳುವವರಿಗೆ ಆ ಕ್ಷಣ ಬೇಸರ ಆಗಬಹುದು. ಮಂಗಳವಾರ ಪೂರ್ತಿ ಕೊಟ್ಟರೆ ಮುಂದಿನ ಸಲ ನಿಮ್ಮ ಮಾತಿಗೆ ತೂಕ ಬಂದಿರುತ್ತದೆ.

ಹಾಜರಿ, ಖರ್ಚಿನ ಬಿಲ್ಲು, ಹುಷಾರಿಲ್ಲ ಅನ್ನುವ ರಜೆ, ಇವುಗಳಲ್ಲಿ ಸಣ್ಣ ಸುಳ್ಳೂ ಬೇಡ. ಸಿಕ್ಕಿಬಿದ್ದರೆ ನೀವು ನಿಜ ಹೇಳಿದ ದಿನಗಳೂ ಅನುಮಾನಕ್ಕೆ ಬೀಳುತ್ತವೆ. ದೂರು ಇದ್ದರೆ ಸರಿಪಡಿಸಬಲ್ಲವರ ಹತ್ತಿರ ಹೇಳಿ. ಹೇಳಿದ್ದನ್ನು ತಾರೀಕಿನ ಸಮೇತ ಬರೆದಿಟ್ಟುಕೊಳ್ಳಿ. ಬರೆದಿಟ್ಟುಕೊಳ್ಳುವುದು ಅಪನಂಬಿಕೆ ಅಲ್ಲ, ಇಬ್ಬರ ನೆನಪಿಗೂ ಆಸರೆ.

ಸಂಬಳ ಹಿಡಿದಿಟ್ಟುಕೊಳ್ಳುವ, ಬೈದು ಹೀಯಾಳಿಸುವ, ಮೈ ಮುಟ್ಟುವ ಜಾಗದಲ್ಲಿ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಅಲ್ಲಿ ನಂಬಿಕೆ ಕಟ್ಟುವ ಹೊರೆ ನಿಮ್ಮದಲ್ಲ. ಕಾನೂನಿನ ಸಹಾಯ ತಗೊಳ್ಳಿ, ಆದಷ್ಟು ಬೇಗ ಅಲ್ಲಿಂದ ಹೊರಡಿ.

ನಾನು ಮ್ಯಾನೇಜರ್. ಮೇಲಿನವರ ತೀರ್ಮಾನ ನನಗೇ ಒಪ್ಪಿಗೆ ಇಲ್ಲ. ತಂಡಕ್ಕೆ ಏನು ಹೇಳಲಿ?

"ನನಗೇನೂ ಗೊತ್ತಿಲ್ಲ, ಮೇಲಿಂದ ಬಂದಿದೆ" ಅಂತ ಕೈ ತೊಳೆದುಕೊಳ್ಳಬೇಡಿ. ಅದು ನಿಮ್ಮ ತೀರ್ಮಾನ ಅಂತ ನಟಿಸಲೂ ಬೇಡಿ, ಜನ ಕಂಡುಹಿಡಿಯುತ್ತಾರೆ. "ನಾನು ಬೇರೆ ಅಭಿಪ್ರಾಯ ಹೇಳಿದೆ, ಅವರು ಈ ಕಾರಣಕ್ಕೆ ಹೀಗೆ ತೀರ್ಮಾನ ಮಾಡಿದರು, ಈಗ ಇದನ್ನು ನಡೆಸೋಣ. ನಿಮಗೆ ಆಗುವ ತೊಂದರೆ ನನಗೆ ಹೇಳಿ, ಮೇಲೆ ಮುಟ್ಟಿಸುತ್ತೇನೆ" ಅನ್ನಿ. ಮುಟ್ಟಿಸಿ. ಏನು ಉತ್ತರ ಬಂತು ಅಂತ ವಾಪಸ್ ಬಂದು ಹೇಳಿ.

ಪ್ರತಿ ವರ್ಷ ಸಮೀಕ್ಷೆ ಮಾಡುತ್ತೇವೆ, ಹೆಸರು ಬರೆಯಬೇಕಾಗಿಲ್ಲ. ಸಾಕಲ್ವಾ?

ಹೋದ ವರ್ಷದ ಸಮೀಕ್ಷೆಯಿಂದ ಏನು ಬದಲಾಯಿತು ಅಂತ ನಿಮ್ಮವರು ಹೇಳಬಲ್ಲರಾ? ಹೇಳಬಲ್ಲರಾದರೆ ಮಾಡಿ. ಇಲ್ಲವಾದರೆ ಮೊದಲು ಹಳೆಯ ಉತ್ತರಗಳಲ್ಲಿ ಒಂದನ್ನಾದರೂ ಸರಿಮಾಡಿ. ಐದು ಜನರ ತಂಡಕ್ಕೆ ವಯಸ್ಸು, ವಿಭಾಗ, ಸೇರಿದ ವರ್ಷ ಎಲ್ಲಾ ಕೇಳಿ "ಹೆಸರು ಬೇಡ" ಅನ್ನುವುದೂ ಬೇಡ. ಯಾರು ಬರೆದದ್ದು ಅಂತ ಗೊತ್ತಾಗುತ್ತದೆ, ಅದು ಅವರಿಗೂ ಗೊತ್ತು.

ಕೆಲಸ ಬಿಟ್ಟು ಹೋಗುವವರ ಜೊತೆ ಹೇಗೆ ನಡೆದುಕೊಳ್ಳಬೇಕು? ಅವರು ಹೇಗೂ ಹೋಗುತ್ತಾರಲ್ಲ.

ಅವರು ಹೋಗುತ್ತಾರೆ, ನೋಡುತ್ತಿರುವವರು ಉಳಿಯುತ್ತಾರೆ. ರಾಜೀನಾಮೆ ಕೊಟ್ಟ ದಿನದಿಂದ ಮುಖ ತಿರುಗಿಸಿದರೆ, ಕೊನೆಯ ಸಂಬಳ ಎಳೆದಾಡಿದರೆ, ಅನುಭವ ಪತ್ರಕ್ಕೆ ಅಲೆಸಿದರೆ, ಉಳಿದವರೆಲ್ಲಾ "ನಾಳೆ ನನಗೂ ಇದೇ" ಅಂತ ಲೆಕ್ಕ ಹಾಕುತ್ತಾರೆ. ಬಾಕಿ ಚುಕ್ತಾ ಮಾಡಿ, ಪತ್ರ ಕೊನೆಯ ದಿನವೇ ಕೈಗೆ ಕೊಡಿ, ಬಾಗಿಲವರೆಗೆ ಹೋಗಿ ಕಳಿಸಿ. ನೀವೇ ಯಾರನ್ನಾದರೂ ತೆಗೆಯಬೇಕಾಗಿ ಬಂದರೆ ಇದು ಇನ್ನೂ ಮುಖ್ಯ. ಇಮೇಲ್‌ನಲ್ಲಿ ಅಲ್ಲ, ಎದುರು ಕೂತು ಹೇಳಿ.

ಇದನ್ನೆಲ್ಲಾ ಓದಿದೆ. ನಾಳೆ ಬೆಳಗ್ಗೆ ಯಾವುದರಿಂದ ಶುರು ಮಾಡಲಿ?

ಒಂದು ಹಾಳೆ ತಗೊಳ್ಳಿ. ಹೋದ ಒಂದು ವರ್ಷದಲ್ಲಿ ನಿಮ್ಮ ಜನಕ್ಕೆ "ಮಾಡ್ತೀನಿ", "ನೋಡ್ತೀನಿ", "ಕೊಡಿಸ್ತೀನಿ" ಅಂತ ಹೇಳಿ ಇನ್ನೂ ಮಾಡದೇ ಇರುವುದನ್ನೆಲ್ಲಾ ನೆನಪು ಬಂದಷ್ಟು ಬರೆಯಿರಿ. ಕೆಟ್ಟ ಫ್ಯಾನ್ ಇರಬಹುದು, ಬದಲಿಸುತ್ತೇನೆ ಅಂದ ಶಿಫ್ಟ್ ಇರಬಹುದು. ಅದರಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು ನೋಡಿ. ನಾಳೆ ಆ ಮನುಷ್ಯರ ಹತ್ತಿರ ನೀವೇ ಹೋಗಿ, ನಿಮ್ಮ ಕೋಣೆಗೆ ಕರೆಸಬೇಡಿ. "ನಾನು ಇದನ್ನ ಮಾಡ್ತೀನಿ ಅಂದಿದ್ದೆ, ಮಾಡಿಲ್ಲ" ಅನ್ನಿ. ಆಗುವುದಾದರೆ ತಾರೀಕು ಹೇಳಿ. ಆಗದಿದ್ದರೆ ಯಾಕೆ ಆಗಲ್ಲ ಅಂತ ಹೇಳಿ. ಆಮೇಲೆ ಅವರು ಮಾತಾಡಲು ಶುರು ಮಾಡಿದರೆ ಗಡಿಯಾರ ನೋಡಬೇಡಿ.